ಫೀಲ್ಡ್ ನೋಟ್‌ಬುಕ್ಕಿಂದ ಜರ್ನಲ್‌ವರೆಗೆ: ಸಸ್ತನಿಗಳ ಬಗ್ಗೆ ಪೇಪರ್ ಮಾಡೋದು ಹೇಗೆ?

ಮೊದ್ಲು ಒಂದೇ ಒಂದು ಪ್ರಶ್ನೆ ಇಟ್ಕೊಳ್ಳಿ. "ಕೋತಿಗಳ ನಡವಳಿಕೆ" ಅಂದ್ರೆ ಅದಕ್ಕೆ ಕೊನೆಯೇ ಇಲ್ಲ, ಅದೇ "ಮರಿ ಇರೋ ತಾಯಿ ಬೇರೆ ಹೆಣ್ಣುಗಳಿಗಿಂತ ಜಾಸ್ತಿ ಹೊತ್ತು ತಲೆ ಎತ್ತಿ ಸುತ್ತಮುತ್ತ ನೋಡುತ್ತಾ" ಅಂತ ಕೇಳಿದ್ರೆ ಅಳೀಬಹುದು. ಇದಕ್ಕೆ ಉತ್ತರ ಕೊಡದ ಡೇಟಾ ಎಷ್ಟೇ ಚೆನ್ನಾಗಿದ್ರೂ ಪಕ್ಕಕ್ಕಿಡಿ.

ಬರೆಯೋಕೆ ಕೂತಾಗ ಪೀಠಿಕೆ ಆಮೇಲಿರ್ಲಿ, ಮೆಥಡ್ಸ್ (ಕೆಲ್ಸ ಹೇಗೆ ಮಾಡಿದ್ರಿ ಅನ್ನೋ ಭಾಗ) ಮೊದ್ಲು ಬರೀರಿ, ನನ್ ಪ್ರಕಾರ ಪೇಪರ್‌ನ ಜೀವ ಇರೋದೇ ಅಲ್ಲಿ. ಪ್ರಾಣೀನ ಹೇಗೆ ನೋಡಿದ್ರಿ ಅಂತ ಬಿಡಿಸಿ ಹೇಳಿ. 1974ರಲ್ಲಿ ಪ್ರಾಣಿ ನಡವಳಿಕೆ ತಜ್ಞೆ ಜೀನ್ ಆಲ್ಟ್‌ಮನ್ ಬಿಹೇವಿಯರ್ ಜರ್ನಲಲ್ಲಿ ಬರೆದ ಪೇಪರನ್ನ ಇವತ್ತಿಗೂ ಉಲ್ಲೇಖ ಮಾಡೋದು ಇದಕ್ಕೇ: ಒಂದು ಪ್ರಾಣೀನ ಗೊತ್ತುಮಾಡಿದಷ್ಟು ಹೊತ್ತು ಬಿಡದೆ ನೋಡೋದು ಫೋಕಲ್ ಸ್ಯಾಂಪ್ಲಿಂಗ್, ಇಷ್ಟಿಷ್ಟು ನಿಮಿಷಕ್ಕೊಂದ್ಸಲ ಇಡೀ ಗುಂಪಿನ ಮೇಲೆ ಕಣ್ಣಾಡಿಸಿ ಯಾವ್ದು ಏನ್ ಮಾಡ್ತಿದೆ ಅಂತ ಗುರುತು ಹಾಕೋದು ಸ್ಕ್ಯಾನ್. ಸುಮ್ನೆ ಕಣ್ಣಿಗೆ ಬಿದ್ದಿದ್ದನ್ನೆಲ್ಲ ಬರ್ಕೊಂಡ್ರೆ ಜಗಳ ಕೂಗಾಟ ಜಾಸ್ತಿ ಸಿಗುತ್ತೆ, ಹೇನು ಹೆಕ್ಕೋದು, ಸುಮ್ನೆ ಕೂತಿರೋದು ಲೆಕ್ಕಕ್ಕೇ ಬರಲ್ಲ, ಅಂಥ ನೋಟ್ಸಿಂದ ಶೇಕಡಾವಾರು ತೆಗೆಯೋಕೆ ದಯವಿಟ್ಟು ಹೋಗ್ಬೇಡಿ.

ಇನ್ನೊಂದು ವಿಷ್ಯ, ಒಂದೇ ಆನೇನ ನೂರು ಸಲ ನೋಡಿದ್ರೂ ಸ್ಯಾಂಪಲ್‌ನಲ್ಲಿರೋದು ಒಂದೇ ಆನೆ. ಅದನ್ನ ನೂರು ಅಂತ ಲೆಕ್ಕ ಹಾಕೋದು ತಪ್ಪು. ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲೇ ಈ ತಪ್ಪಿಗೆ ಸೂಡೋರೆಪ್ಲಿಕೇಶನ್ ಅಂತ ಹೆಸರಿಟ್ಟು ಎಚ್ಚರಿಸಿದ್ರು, ಜರ್ನಲ್‌ಗಾಗಿ ಪೇಪರ್ ಪರಿಶೀಲಿಸೋ ಒಳ್ಳೆ ರಿವ್ಯೂವರ್ ಕಣ್ಣಿಂದ ಇದು ತಪ್ಪಿಸ್ಕೊಳ್ಳಲ್ಲ. ಹಾಗಾಗಿ ಹುಲಿಗೆ ಪಟ್ಟೆ, ಆನೆಗೆ ಕಿವಿ ಅಂಚಿನ ಹರುಕು, ಹೀಗೆ ಪ್ರತಿಯೊಂದಕ್ಕೂ ಗುರುತು ಇಟ್ಕೊಂಡು ಆ ಐಡಿಯನ್ನ ಅಂಕಿಅಂಶದ ಮಾಡೆಲ್ಲಲ್ಲಿ ರ್ಯಾಂಡಮ್ ಎಫೆಕ್ಟ್ ಆಗಿ ಹಾಕಿ, ಅಂದ್ರೆ ಯಾವ್ಯಾವ ನೋಟ ಒಂದೇ ಪ್ರಾಣೀದು ಅಂತ ಮಾಡೆಲ್‌ಗೆ ತಿಳಿಸಿ.

ಜರ್ನಲ್ ಆರಿಸೋದು ಅಷ್ಟು ಕಷ್ಟ ಇಲ್ಲ. ಜರ್ನಲ್ ಆಫ್ ಮ್ಯಾಮಲಾಜಿ 1919ರಿಂದ ಬರ್ತಿದೆ, ಪೂರ್ತಿ ಸಸ್ತನಿಗಳಿಗೇ ಮೀಸಲು, ನಡವಳಿಕೆ ಪ್ರಶ್ನೆ ಆದ್ರೆ ಅನಿಮಲ್ ಬಿಹೇವಿಯರ್ ನೋಡಿ. ಒಂದ್ಸಲಕ್ಕೆ ಒಂದೇ ಕಡೆ ಕಳ್ಸಿ. ಪರ್ಮಿಟ್, ಎಥಿಕ್ಸ್ ಅನುಮತಿ ವಿವರ ಮರೀಬೇಡಿ. ಅಳಿವಿನಂಚಲ್ಲಿರೋ ಪ್ರಾಣಿ ಆದ್ರೆ ಅದು ಮರಿ ಹಾಕೋ ಜಾಗವನ್ನ ಮ್ಯಾಪಲ್ಲಿ ಕರಾರುವಾಕ್ಕಾಗಿ ತೋರಿಸ್ಲೇಬೇಡಿ, ಪೇಪರ್ ಕಳ್ಳಬೇಟೆಗಾರರ ಕೈಗೂ ಸಿಗುತ್ತೆ.

ಜರ್ನಲ್ಲಿಂದ ಮೇಜರ್ ರಿವಿಷನ್, ಅಂದ್ರೆ ದೊಡ್ಡ ತಿದ್ದುಪಡಿ ಬೇಕು ಅಂತ ಬಂದ್ರೆ ಎದೆಗುಂದ್ಬೇಡಿ, ಬಾಗಿಲು ಇನ್ನೂ ತೆರೆದೇ ಇದೆ. ಪ್ರತಿ ಕಾಮೆಂಟ್ ಕೆಳಗೂ ಏನ್ ಬದಲಾಯಿಸಿದ್ರಿ, ಎಷ್ಟನೇ ಲೈನಲ್ಲಿ ಅಂತ ಬರೀರಿ, ಒಪ್ಪದಿದ್ರೆ ಕಾರಣ ಕೊಡಿ. ಅಕ್ಸೆಪ್ಟ್ ಆದ್ಮೇಲೆ ಕಾಲರ್ ಡೇಟಾ (ಪ್ರಾಣಿ ಕತ್ತಿಗೆ ಕಟ್ಟಿದ ಪಟ್ಟಿಯಿಂದ ಬಂದ ಓಡಾಟದ ಮಾಹಿತಿ) ಇದ್ರೆ ಮೂವ್‌ಬ್ಯಾಂಕಿಗೆ, ಉಳಿದಿದ್ದನ್ನ ಡ್ರಯಾಡ್‌ಗೆ ಹಾಕಿ, ಎರಡೂ ಡೇಟಾ ಇಡೋ ಆನ್‌ಲೈನ್ ಸಂಗ್ರಹಗಳು, ಕಾಲಮ್ ಹೆಸರುಗಳ ಅರ್ಥ ಒಂದು ಫೈಲಲ್ಲಿ ಬರೆದಿಡಿ.