ಕೋಡಿ ಬೀಳುವ ಮೊದಲೇ ತಡೆಯಿರಿ: ಪರದೇಶಿ ಮೀನು ಕಾವೇರಿ ಸೇರದಂತೆ ನೋಡಿಕೊಳ್ಳುವುದು ಹೇಗೆ?

ಹೊರಗಿನಿಂದ ಬಂದ ಮೀನು ದೊಡ್ಡ ಹೊಳೆಯಲ್ಲಿ ಒಮ್ಮೆ ಮರಿ ಮಾಡಿತೆಂದರೆ ಅದನ್ನು ಪೂರ್ತಿ ತೆಗೆಯುವುದು ಆಗದ ಮಾತು. ಎಷ್ಟು ಬಲೆ ಬೀಸಿದರೂ ಬಂಡೆಯ ಸಂದಿನಲ್ಲಿ, ಮಡುವಿನ ತಳದಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತವೆ. ಮುಂದಿನ ಮುಂಗಾರಿಗೆ ಮತ್ತೆ ಮೊದಲಿನ ಕಥೆ. ಹಾಗಾಗಿ ಈ ಲೇಖನದಲ್ಲಿ ಹೊಳೆಯ ಕೆಲಸಕ್ಕೆ ಕಡಿಮೆ ಜಾಗ. ಹೆಚ್ಚಿನ ಮಾತು ಹೊಳೆಗೆ ನೀರು ಹರಿಸುವ ಕೆರೆ, ಕೃಷಿ ಹೊಂಡ, ಹಳ್ಳಗಳ ಬಗ್ಗೆ. ಮೀನುಮರಿ ತುಂಬಿ ಬರುವ ಪ್ಲಾಸ್ಟಿಕ್ ಚೀಲದ ಬಗ್ಗೆ. ನಗರದ ಮನೆಗಳ ಅಕ್ವೇರಿಯಂ ಬಗ್ಗೆ. ಉದಾಹರಣೆಗೆ ಕಾವೇರಿ ಕೊಳ್ಳವನ್ನು ತೆಗೆದುಕೊಂಡಿದ್ದೇನೆ. ತುಂಗಭದ್ರೆಯ ಕಡೆಯವರಿಗೂ ಕ್ರಮ ಇದೇ.

ಯಾರನ್ನು ತಡೆಯಬೇಕು? ನಮ್ಮ ಕಡೆ ಜಿಲೇಬಿ ಎಂದು ಕರೆಯುವ ತಿಲಾಪಿಯಾ 1952ರಲ್ಲಿ ಭಾರತಕ್ಕೆ ಬಂದ ಆಫ್ರಿಕಾದ ಮೀನು. ಹೆಣ್ಣು ಮೊಟ್ಟೆಗಳನ್ನು ಬಾಯಲ್ಲಿ ಇಟ್ಟುಕೊಂಡು ಕಾಯುತ್ತದೆ. ಬೆಚ್ಚಗಿನ ನೀರಿದ್ದರೆ ವರ್ಷದಲ್ಲಿ ಹಲವು ಬಾರಿ ಮರಿ ಮಾಡುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ 1990ರ ದಶಕದಲ್ಲಿ ಕಳ್ಳದಾರಿಯಲ್ಲಿ ದೇಶದೊಳಕ್ಕೆ ಬಂತು. ಕೇಂದ್ರ ಸರ್ಕಾರ 2000ದಲ್ಲೇ ಅದರ ಸಾಕಣೆಯನ್ನು ನಿಷೇಧಿಸಿತು. ಆದರೂ ಕೋಳಿ ಅಂಗಡಿಯ ತ್ಯಾಜ್ಯ ಹಾಕಿ ಬೆಳೆಸುವ ಹೊಂಡಗಳು ನಿಂತಿಲ್ಲ. ಮೂರನೆಯದು ಅಕ್ವೇರಿಯಂ ಗಾಜಿಗೆ ಕಚ್ಚಿಕೊಂಡು ಪಾಚಿ ತಿನ್ನುವ ಸಕ್ಕರ್ ಮೀನು. ಸಾಮಾನ್ಯ ಗೆಂಡೆಯೂ ಪರದೇಶಿಯೇ. ನಿಜ ಹೇಳಬೇಕೆಂದರೆ ನಾವು ಕೆರೆಗಳಿಗೆ ಬಿಡುವ ಕಾಟ್ಲಾ, ರೋಹುಗಳೂ ಕಾವೇರಿಯ ಮೂಲ ನಿವಾಸಿಗಳಲ್ಲ, ಉತ್ತರದಿಂದ ತಂದವು. ಎಲ್ಲದರ ಮೇಲೂ ಒಟ್ಟಿಗೆ ಯುದ್ಧ ಸಾರಿದರೆ ಒಂದೂ ಗೆಲ್ಲುವುದಿಲ್ಲ. ಕ್ಯಾಟ್‌ಫಿಶ್ ಮತ್ತು ಸಕ್ಕರ್ ಮೊದಲು, ತಿಲಾಪಿಯಾ ಆಮೇಲೆ ಎಂಬುದು ನನ್ನ ಸಲಹೆ. ತಿಲಾಪಿಯಾ ಈಗಾಗಲೇ ಬಹುಪಾಲು ಕೆರೆಗಳಲ್ಲಿ ತಳವೂರಿದೆ. ಉಳಿದೆರಡು ಇನ್ನೂ ಎಲ್ಲ ಕಡೆ ತಲುಪಿಲ್ಲ.

1. ನೀರಿನ ದಾರಿ ಬರೆದುಕೊಳ್ಳಿ

ನಮ್ಮ ಕೆರೆಗಳು ಒಂಟಿಯಲ್ಲ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ, ಅದರ ಕೋಡಿ ಹಳ್ಳಕ್ಕೆ, ಹಳ್ಳ ಹೊಳೆಗೆ. ಗ್ರಾಮ ನಕ್ಷೆ ತೆಗೆದುಕೊಂಡು ಊರಿನ ನೀರುಗಂಟಿಯ ಜೊತೆ ಒಂದು ಸುತ್ತು ಹಾಕಿದರೆ ಈ ಸರಪಳಿ ಅರ್ಧ ದಿನದಲ್ಲಿ ಕಾಗದಕ್ಕೆ ಇಳಿಯುತ್ತದೆ. ತೂಬು, ಕೋಡಿ, ಕಾಲುವೆಗಳ ಜೊತೆಗೆ ಮೀನು ನೀರಿಗೆ ಬೀಳಬಹುದಾದ ಜಾಗಗಳನ್ನೂ ಗುರುತು ಮಾಡಿ: ಮೀನು ಸಾಕುವ ಹೊಂಡ, ಜೀವಂತ ಮೀನು ಮಾರುವ ಸಂತೆ, ಹರಕೆಗೆಂದು ಮೀನು ಬಿಡುವ ಕಲ್ಯಾಣಿ.

ಬೆಂಗಳೂರಿನವರು ತಮಗೂ ಕಾವೇರಿಗೂ ಇರುವ ನಂಟು ನಲ್ಲಿಯ ನೀರಿನದು ಮಾತ್ರ ಎಂದುಕೊಂಡಿರುತ್ತಾರೆ. ನಗರದ ಪಶ್ಚಿಮ ಭಾಗದ ಚರಂಡಿ, ರಾಜಕಾಲುವೆಗಳು ವೃಷಭಾವತಿಗೆ, ವೃಷಭಾವತಿ ಅರ್ಕಾವತಿಗೆ, ಅರ್ಕಾವತಿ ಮೇಕೆದಾಟಿನ ಬಳಿಯ ಸಂಗಮದಲ್ಲಿ ಕಾವೇರಿಗೆ ಸೇರುತ್ತವೆ. ಅಂಥ ಕೊಳಕು ನೀರಿನಲ್ಲಿ ಮೀನು ಬದುಕೀತೇ ಎಂದು ಕೇಳಬಹುದು. ಕ್ಯಾಟ್‌ಫಿಶ್‌ಗೆ ಕಿವಿರಿನ ಮೇಲೆ ಗಾಳಿ ಹೀರುವ ಅಂಗವಿದೆ. ಸಕ್ಕರ್ ಮೀನು ಗಾಳಿ ನುಂಗಿ ಹೊಟ್ಟೆಯ ಮೂಲಕವೇ ಉಸಿರಾಡುತ್ತದೆ. ನಮ್ಮ ಮೀನುಗಳನ್ನು ಕೊಲ್ಲುವ ನೀರೇ ಇವೆರಡಕ್ಕೆ ಹೆದ್ದಾರಿ.

2. ಗುರುತು ಹಿಡಿಯಲು ಕಲಿಯಿರಿ

ತಪ್ಪು ಮೀನನ್ನು ಕೊಂದರೆ ನಷ್ಟ ಹೊಳೆಗೇ. ದೊಡ್ಡ ಬಾಯಿ, ಉದ್ದ ಮೀಸೆ ಕಂಡ ಕೂಡಲೇ ಕ್ಯಾಟ್‌ಫಿಶ್ ಎಂದು ಬಾಳೆ ಮೀನನ್ನು ಬಡಿದು ಹಾಕುವವರಿದ್ದಾರೆ. ಬಾಳೆ ಮೀನಿಗೆ ಎರಡು ಜೋಡಿ ಮೀಸೆ, ಬೆನ್ನಿನ ಮೇಲೆ ಪುಟ್ಟ ರೆಕ್ಕೆ. ಆಫ್ರಿಕನ್ ಕ್ಯಾಟ್‌ಫಿಶ್‌ಗೆ ನಾಲ್ಕು ಜೋಡಿ ಮೀಸೆ, ಬೆನ್ನಿನ ರೆಕ್ಕೆ ಕತ್ತಿನಿಂದ ಬಾಲದ ತನಕ, ತಲೆ ಚಪ್ಪಟೆ ಮತ್ತು ಗಟ್ಟಿ. ಕಷ್ಟ ಬರುವುದು ನಮ್ಮದೇ ಮಾಗೂರ್ ಜಾತಿಯ ಮೀನಿನೊಂದಿಗೆ; ಅದಕ್ಕೂ ನಾಲ್ಕು ಜೋಡಿ ಮೀಸೆಯೇ. ಆದರೆ ದೇಶಿ ಮಾಗೂರ್ ಒಂದೂವರೆ ಅಡಿ ದಾಟುವುದು ಅಪರೂಪ, ಆಫ್ರಿಕಾದ್ದು ಮನುಷ್ಯನ ತೋಳಿಗಿಂತ ಉದ್ದ ಬೆಳೆದು ಹಲವು ಕೆ.ಜಿ. ತೂಗುತ್ತದೆ. ಚಿಕ್ಕದನ್ನು ಹಿಡಿದು ಅನುಮಾನ ಬಂದರೆ ಕೊಲ್ಲಬೇಡಿ, ಹಿಂದಕ್ಕೆ ಬಿಡಲೂಬೇಡಿ. ಬಕೆಟ್ಟಿನಲ್ಲಿ ಇಟ್ಟು ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ.

ತಿಲಾಪಿಯಾ ಮರಿಗೆ ಬೆನ್ನಿನ ರೆಕ್ಕೆಯ ಹಿಂಭಾಗದಲ್ಲಿ ಒಂದು ಕಪ್ಪು ಚುಕ್ಕೆ ಇರುತ್ತದೆ. ಮುಂದಿನ ಹಂತಕ್ಕೆ ಇದನ್ನು ನೆನಪಿಡಿ.

3. ಮರಿ ತರುವಾಗ ಚೀಲ ಬಿಚ್ಚಿ ನೋಡಿ

ಹೆಚ್ಚಿನ ಕೆರೆಗಳಿಗೆ ಪರದೇಶಿ ಮೀನು ಬರುವುದು ಕಾಟ್ಲಾ ಮರಿಯ ಜೊತೆ ಬೆರಕೆಯಾಗಿ. ಯಾರೋ ಬೈಕಿನಲ್ಲಿ ಬಂದು ಅಗ್ಗಕ್ಕೆ ಕೊಟ್ಟರೆಂದು ಕೊಳ್ಳುವುದನ್ನು ನಿಲ್ಲಿಸಿ. ಬಿ.ಆರ್. ಪ್ರಾಜೆಕ್ಟ್‌ನಲ್ಲಿರುವಂಥ ಸರ್ಕಾರಿ ಮೀನುಮರಿ ಕೇಂದ್ರದಿಂದಲೋ ಇಲಾಖೆಯಲ್ಲಿ ನೋಂದಾಯಿಸಿದವರಿಂದಲೋ ತಂದು ರಸೀದಿ ಪಡೆಯಿರಿ. ರಸೀದಿಯಲ್ಲಿ ಬರೀ 'ಮೀನುಮರಿ' ಎಂದಿದ್ದರೆ ಸಾಲದು, ಜಾತಿಯ ಹೆಸರು ಇರಬೇಕು.

ತಂದ ಚೀಲವನ್ನು ನೇರವಾಗಿ ಕೆರೆಗೆ ಸುರಿಯಬೇಡಿ. ಬಿಳಿ ಬೇಸಿನ್ನಿಗೆ ಸ್ವಲ್ಪ ಸ್ವಲ್ಪವಾಗಿ ಮರಿ ಹಾಕಿ ನೋಡಿ. ಕಪ್ಪು ಚುಕ್ಕೆಯವು, ಹುರುಪೆಯಿಲ್ಲದೆ ಮೀಸೆಯಿರುವವು ಬಿಳಿಯ ಹಿನ್ನೆಲೆಯಲ್ಲಿ ಬೇಗ ಕಣ್ಣಿಗೆ ಬೀಳುತ್ತವೆ. ಒಳ್ಳೆಯ ಮರಿಯನ್ನು ಸಣ್ಣ ಬಲೆಯಲ್ಲಿ ಎತ್ತಿ ನೀರಿಗೆ ಬಿಡಿ. ಚೀಲದ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ. ಬೆರಕೆ ಹೆಚ್ಚು ಕಂಡರೆ ಇಡೀ ಚೀಲ ಹಿಂದಿರುಗಿಸಿ.

ಸಣ್ಣ ಕೆರೆಗಳ ಮೀನು ಹಕ್ಕನ್ನು ಪಂಚಾಯಿತಿ ಹರಾಜು ಹಾಕುವ ಕಡೆ ಗುತ್ತಿಗೆಯ ಕರಾರಿನಲ್ಲೇ ಒಂದು ಸಾಲು ಸೇರಿಸಬಹುದು: ನಿಷೇಧಿತ ಜಾತಿ ಸಿಕ್ಕರೆ ಗುತ್ತಿಗೆ ರದ್ದು, ಠೇವಣಿ ಜಪ್ತಿ. ಹತ್ತು ಜಾಗೃತಿ ಶಿಬಿರ ಮಾಡದ ಕೆಲಸವನ್ನು ಠೇವಣಿಯ ಭಯ ಮಾಡುತ್ತದೆ. ತಿಲಾಪಿಯಾ ಸಾಕಲೇಬೇಕು ಎನ್ನುವವರಿಗೆ ಅನುಮತಿ ಪಡೆದು, ಗಂಡುಮರಿ ಮಾತ್ರ ಬೆಳೆಸುವ ದಾರಿ ಇದೆ. ಕ್ಯಾಟ್‌ಫಿಶ್‌ಗೆ ಆ ದಾರಿಯೂ ಇಲ್ಲ.

4. ಹೊಂಡಕ್ಕೆ ಬಾಗಿಲು ಹಾಕಿ

ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಲದಲ್ಲಿ ಹೊಂಡ, ಹೊಂಡದಲ್ಲಿ ನಾಲ್ಕು ಮೀನು ಸಾಮಾನ್ಯವಾಗಿದೆ. ಹೊಂಡದ ಬದು ಊರಿನವರು ನೆನಪಿಟ್ಟ ಅತಿ ದೊಡ್ಡ ನೆರೆಯ ಮಟ್ಟಕ್ಕಿಂತ ಎತ್ತರ ಇರಬೇಕು. ನೀರು ಬರುವ, ಹೋಗುವ ಎರಡೂ ಕೊಳವೆಗಳಿಗೆ ಮರಿಯ ತಲೆಗಿಂತ ಸಣ್ಣ ಕಣ್ಣಿನ ಬಲೆ ಕಟ್ಟಿ. ಹೋಗುವ ಕಡೆ ಒಂದರ ಹಿಂದೆ ಇನ್ನೊಂದು. ಹಳ್ಳದ ಪಾತ್ರದಲ್ಲಿ ತೋಡಿದ ಹೊಂಡಕ್ಕೆ ಮೀನು ಬಿಡಲೇಬೇಡಿ, ಅದಕ್ಕೆ ಯಾವ ಬಲೆಯೂ ಸಾಲದು.

ಬಲೆ, ಹರಿಗೋಲುಗಳನ್ನು ಒಂದು ಕೆರೆಯಿಂದ ಇನ್ನೊಂದಕ್ಕೆ ಒಯ್ಯುವ ಮೊದಲು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ಅಂತರಗಂಗೆಯನ್ನು ಕಿತ್ತು ಬೇರೆ ನೀರಿಗೆ ಎಸೆಯುವುದಂತೂ ಕೂಡದು: ಗೆಂಡೆಯ ಮತ್ತು ಕ್ಯಾಟ್‌ಫಿಶ್‌ನ ಅಂಟು ಮೊಟ್ಟೆಗಳು ನೀರಿನ ಗಿಡಗಳಿಗೆ ಕಚ್ಚಿಕೊಂಡಿರುತ್ತವೆ.

5. ಬೇಸಿಗೆಯನ್ನು ವ್ಯರ್ಥ ಮಾಡಬೇಡಿ

ಇಡೀ ಕೆಲಸದ ತಿರುಳು ಇಲ್ಲಿದೆ. ಮಾರ್ಚ್‌ನಿಂದ ಮೇ ತನಕ ಕೆರೆ ಬತ್ತಿ ನಾಲ್ಕಾರು ಗುಂಡಿಗಳಿಗೆ ಇಳಿದಾಗ ಮೀನೆಲ್ಲ ಒಂದೆಡೆ ಸೇರುತ್ತದೆ. ಮಳೆಗಾಲದಲ್ಲಿ ಒಂದು ಊರಿಗೆ ಊರೇ ಇಳಿದರೂ ಆಗದ ಕೆಲಸ ಆಗ ನಾಲ್ಕು ಜನರಿಂದ ಆಗುತ್ತದೆ. ಊರಿನವರು ಕೆರೆ ಮೀನು ಹಿಡಿಯುವ ದಿನವೇ ಇದನ್ನು ಸೇರಿಸಿಕೊಳ್ಳಿ. ದೇಶಿ ಮೀನಿನ ಮರಿಗಳನ್ನು ತೊಟ್ಟಿಯಲ್ಲಿ ಉಳಿಸಿಕೊಂಡು ಪರದೇಶಿಯವನ್ನು ಬೇರೆ ಮಾಡಿ.

ಕ್ಯಾಟ್‌ಫಿಶ್ ಮಾತ್ರ ಇಷ್ಟಕ್ಕೆ ಸಿಗುವುದಿಲ್ಲ. ಅದು ಕೆಸರಿನೊಳಗೆ ಹೂತುಕೊಂಡು ಮಳೆಗೆ ಕಾಯುತ್ತದೆ. ಉದ್ಯೋಗ ಖಾತರಿಯಲ್ಲೋ ಬೇರೆ ಯೋಜನೆಯಲ್ಲೋ ಹೂಳೆತ್ತುವ ಕೆಲಸ ಇದ್ದರೆ ಅದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಹೂಳು ತುಂಬುವವರಿಗೆ ಮೊದಲೇ ಹೇಳಿಡಿ. ಹಿಡಿದದ್ದನ್ನು ಏರಿಯ ಮೇಲೆ ಎಸೆದು ಹೋದರೆ ರಾತ್ರಿ ಇಬ್ಬನಿಯಲ್ಲಿ ತೆವಳಿಕೊಂಡು ವಾಪಸು ನೀರಿಗೆ ಇಳಿಯುತ್ತದೆ. ತಲೆಗೆ ಒಂದೇ ಪೆಟ್ಟು ಕೊಟ್ಟು ಕೊಂದು, ಸುಣ್ಣ ಹಾಕಿ ಆಳಕ್ಕೆ ಹೂಳಿ. ಹಿಂಸೆ ಎನಿಸಿದರೆ ಎನಿಸಲಿ; ಒಂದು ದೊಡ್ಡ ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ.

ಬತ್ತದೆ ಉಳಿದ ಖಾಸಗಿ ಹೊಂಡಕ್ಕೆ ಹಿಪ್ಪೆ ಹಿಂಡಿ ಹಾಕುವುದು ಮೀನು ಸಾಕಣೆಯವರಿಗೆ ಗೊತ್ತಿರುವ ಕ್ರಮ. ಒಂದು ಮೀಟರ್ ಆಳದ ಒಂದು ಹೆಕ್ಟೇರಿಗೆ 2,500 ಕೆ.ಜಿ. ಲೆಕ್ಕ, ಎಂದರೆ ಗುಂಟೆಗೆ ಸುಮಾರು 25 ಕೆ.ಜಿ. ನೀರು ಅರ್ಧ ಮೀಟರ್ ಇದ್ದರೆ ಅದರ ಅರ್ಧ. ಹಿಂಡಿಯಲ್ಲಿರುವ ಸಪೋನಿನ್ ಮೀನನ್ನು ಕೊಲ್ಲುತ್ತದೆ. ಎರಡು ಮೂರು ವಾರದಲ್ಲಿ ವಿಷ ಇಳಿದು ಹಿಂಡಿ ಗೊಬ್ಬರವಾಗುತ್ತದೆ. ಅಷ್ಟು ದಿನ ದನಕರುಗಳನ್ನು ಅಲ್ಲಿ ಬಿಡಬೇಡಿ. ಹರಿಯುವ ನೀರಿಗೆ, ಊರ ಕೆರೆಗೆ, ದೇಶಿ ಮೀನು ಉಳಿದಿರುವ ಮಡುವಿಗೆ ಇದನ್ನು ಹಾಕುವಂತಿಲ್ಲ. ಕೆಸರಿನಲ್ಲಿ ಅಡಗಿದ ಕ್ಯಾಟ್‌ಫಿಶ್‌ಗೆ ಇದೊಂದನ್ನೇ ನೆಚ್ಚಿಕೊಳ್ಳುವಂತೆಯೂ ಇಲ್ಲ. ಹಾಕುವ ಮೊದಲು ಮೀನುಗಾರಿಕೆ ಇಲಾಖೆಯನ್ನು ಕೇಳಿ.

6. ಮೊದಲ ಮಳೆಯ ವಾರ

ರೋಹಿಣಿ, ಮೃಗಶಿರ ಮಳೆಗೆ ಹಳ್ಳಗಳಲ್ಲಿ ಮೀನು ಹತ್ತುವುದು ಎಲ್ಲರಿಗೂ ಗೊತ್ತು. ಪರದೇಶಿಯವೂ ಅದೇ ನೀರಿಗೆ ಕಾಯುತ್ತಿರುತ್ತವೆ. ಕೋಡಿಗೆ ಬಲೆ ಕಟ್ಟಿಬಿಟ್ಟರಾಯಿತು ಎಂಬ ಸಲಹೆ ಕೇಳಲು ಸುಲಭ, ಮಾಡಲು ಅಪಾಯ. ಎಲೆ, ಕಸ, ಅಂತರಗಂಗೆ ಬಂದು ಬಲೆಗೆ ಅಂಟಿದರೆ ಕೋಡಿ ಮುಚ್ಚಿ ನೀರು ಏರಿಯ ಮೇಲೆ ಒತ್ತುತ್ತದೆ. ಏರಿ ಒಡೆದರೆ ಮೀನಿನ ಮಾತಿರಲಿ, ಕೆಳಗಿನ ಊರಿಗೇ ಗಂಡಾಂತರ. ದೊಡ್ಡ ಕೆರೆಗಳ ಕೋಡಿಗೆ ಬಲೆ ಬೇಡವೇ ಬೇಡ. ಚಿಕ್ಕ ಕಟ್ಟೆಗಳಲ್ಲಿ, ಕೆರೆಯ ಒಡೆತನ ಇರುವ ಇಲಾಖೆ ಅಥವಾ ಪಂಚಾಯಿತಿ ಒಪ್ಪಿದರೆ, ಓರೆಯಾಗಿ ನಿಲ್ಲಿಸಿದ ಕಬ್ಬಿಣದ ಜಾಲರಿ ಹಾಕಿ, ಮಳೆಯಿರುವಾಗ ಕಸ ಎಳೆಯಲು ಒಬ್ಬರನ್ನು ಗೊತ್ತು ಮಾಡಬಹುದು. ದೊಡ್ಡ ಕೆರೆಗಳಲ್ಲಿ ಕೋಡಿಯ ಕೆಳಗಿನ ಗುಂಡಿಯೇ ಜಾಗ: ಕೋಡಿ ಬಿದ್ದ ಮೊದಲ ದಿನಗಳಲ್ಲಿ ಕೆಳಕ್ಕೆ ಬಿದ್ದ ಮೀನು ಅಲ್ಲಿ ತಂಗುತ್ತದೆ. ಬೀಸುಬಲೆ ಅಲ್ಲಿ ಕೆಲಸ ಮಾಡಲಿ. ದೇಶಿಯವನ್ನು ಅಲ್ಲೇ ಬಿಡಿ.

7. ಅಕ್ವೇರಿಯಂ ಖಾಲಿ ಮಾಡುವಾಗ

ಕೇರಳದ 2018ರ ಪ್ರವಾಹದ ನಂತರ ಅಲ್ಲಿನ ನದಿಗಳಲ್ಲಿ ದಕ್ಷಿಣ ಅಮೆರಿಕದ ಅರಪೈಮಾ, ಉತ್ತರ ಅಮೆರಿಕದ ಮೊಸಳೆ ಮೂತಿಯ ಗಾರ್ ಮೀನುಗಳು ಬಲೆಗೆ ಬಿದ್ದವು. ಸಾಕಿದವರ ತೊಟ್ಟಿ, ಹೊಂಡಗಳಿಂದ ತೇಲಿಹೋದವು ಅವು. ನಮ್ಮಲ್ಲಿ ನೆರೆಯೂ ಬೇಕಿಲ್ಲ. ಮನೆ ಬದಲಿಸುವಾಗ ಪಾಪವೆಂದು ಪಕ್ಕದ ಕೆರೆಗೆ ಬಿಟ್ಟುಬರುತ್ತೇವೆ. ಬೇಡವಾದ ಮೀನನ್ನು ಅಂಗಡಿಗೆ ಮರಳಿಸಿ, ಇಲ್ಲವೇ ಸಾಕುವವರಿಗೆ ಕೊಡಿ. ಎರಡೂ ಆಗದಿದ್ದರೆ ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ನೋವಿಲ್ಲದೆ ಮಲಗಿಸುವ ಕ್ರಮವಿದೆ. ಪ್ರಮಾಣವನ್ನು ಪಶುವೈದ್ಯರಿಂದ ಕೇಳಿಕೊಳ್ಳಿ.

8. ಹೊಳೆಗೆ ಮೀನು ಬಿಡುವ ಸಮಾರಂಭಕ್ಕೆ ಕರೆದರೆ

ಮೊದಲು ಜಾತಿ ಯಾವುದೆಂದು ಕೇಳಿ. ಸದುದ್ದೇಶ ಹೇಗೆ ತಿರುಗುಬಾಣವಾಗುತ್ತದೆ ಎಂಬುದಕ್ಕೆ ಕಾವೇರಿಯ ಮಹಶೀರ್ ಸಾಕ್ಷಿ. ಬೆನ್ನು ಉಬ್ಬಿದ, ಕಿತ್ತಳೆ ಬಾಲದ ಈ ಮಹಶೀರ್, ನಮ್ಮವರ ಬಿಳಿಮೀನು, ಕಾವೇರಿ ಕೊಳ್ಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು, ಎಂದರೆ 54 ಕೆ.ಜಿ. ಮಹಶೀರ್ ಕಡಿಮೆಯಾಗುತ್ತಿದೆ ಎಂದು ಮಹಾರಾಷ್ಟ್ರದ ಲೋನಾವಳದ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ತಂದು ಬಿಟ್ಟರು. ಅದು ಕೃಷ್ಣಾ ಕೊಳ್ಳದ ಜಾತಿ. ಅದು ಹೆಚ್ಚಿತು, ಕಾವೇರಿಯ ಬಿಳಿಮೀನು ಕರಗಿತು. ಕಾವೇರಿಯ ಮೀನು ಟಾರ್ ರೆಮದೇವಿ ಎಂಬ ಜಾತಿಯೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅತಿ ಹತ್ತಿರವಿರುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿತು. ಮೀನಿಗೆ ಹೆಸರು ಸಿಗುವಷ್ಟರಲ್ಲಿ ಮೀನೇ ಮುಗಿಯುವ ಹಂತಕ್ಕೆ ಬಂದಿತ್ತು. 'ದೇಶಿ ಮೀನು ಬಿಡುತ್ತಿದ್ದೇವೆ' ಎಂದರೆ ಸಾಕಾಗುವುದಿಲ್ಲ, ಯಾವ ಹೊಳೆಯ ದೇಶಿ ಎಂಬುದು ಪ್ರಶ್ನೆ.

9. ಹೊಳೆಯಲ್ಲಿ ಕಂಡರೆ

ಸಿಡಿಮದ್ದು ಮತ್ತು ವಿಷ 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಪರದೇಶಿ ಮೀನಿನ ನೆಪ ಅದಕ್ಕೆ ರಿಯಾಯಿತಿ ಕೊಡುವುದಿಲ್ಲ. ಮೀನುಗಾರಿಕೆಗೆ ಅವಕಾಶವಿರುವ ಕಡೆ ಮಾತ್ರ, ಮಳೆಗೆ ಮುಂಚೆ ದೊಡ್ಡ ಗಾತ್ರದವನ್ನು ಗುರಿಯಿಟ್ಟು ಹಿಡಿಯಿರಿ. ಸಿಕ್ಕದ್ದನ್ನು ಹಿಂದಕ್ಕೆ ಬಿಡಬೇಡಿ. ಕಾವೇರಿ ವನ್ಯಧಾಮದ ಒಳಗಾದರೆ ಅರಣ್ಯ ಇಲಾಖೆಗೆ ತಿಳಿಸಿ, ಬಲೆ ಮುಟ್ಟಬೇಡಿ.

ಹೊಳೆಯಲ್ಲಿ ತಡೆಯುವುದು ಎಷ್ಟು ದುಬಾರಿ ಎಂಬುದನ್ನು ಅಮೆರಿಕ ಕಲಿಯುತ್ತಿದೆ. 1970ರ ದಶಕದಲ್ಲಿ ಹೊಂಡ ಶುಚಿ ಮಾಡಲೆಂದು ತಂದ ಏಷ್ಯಾದ ಗೆಂಡೆಗಳು ತಪ್ಪಿಸಿಕೊಂಡು ಮಿಸಿಸಿಪ್ಪಿ ತುಂಬ ಹಬ್ಬಿದವು. ಅವು ಮಹಾ ಸರೋವರಗಳಿಗೆ ಏರದಂತೆ ಶಿಕಾಗೊ ಬಳಿಯ ಕಾಲುವೆಯಲ್ಲಿ 2002ರಿಂದ ನೀರಿಗೆ ವಿದ್ಯುತ್ ಹರಿಸಿ ಬೇಲಿ ಹಾಕಿದ್ದಾರೆ. ಆ ವಿದ್ಯುತ್ತನ್ನು ಒಂದು ದಿನವೂ ನಿಲ್ಲಿಸುವಂತಿಲ್ಲ.

10. ಬರೆದಿಡಿ, ತಿಳಿಸಿ

ಪ್ರತಿ ಗ್ರಾಮ ಪಂಚಾಯಿತಿಯಲ್ಲೂ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದರ ದಾಖಲಾತಿ ಪುಸ್ತಕದಲ್ಲಿ ಕೆರೆವಾರು ಮೀನುಗಳ ಪಟ್ಟಿ ಸೇರಿಸಲು ಕೇಳಿ. ಹೊಸ ಮೀನು ಸಿಕ್ಕರೆ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಫೋಟೊ ಕಳುಹಿಸಿ. ಮೀನನ್ನು ಪಕ್ಕಕ್ಕೆ ಮಲಗಿಸಿ, ರೆಕ್ಕೆ ಬಿಡಿಸಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಒಂದು ಚಿತ್ರ. ತಲೆ ಮತ್ತು ಮೀಸೆ ಕಾಣುವಂತೆ ಮೇಲಿನಿಂದ ಇನ್ನೊಂದು. ಕೆರೆಯ ಹೆಸರು, ದಿನಾಂಕ, ಯಾವ ಬಲೆಗೆ ಬಿತ್ತು, ಆ ಕೆರೆಯ ಕೋಡಿ ಎಲ್ಲಿಗೆ ಹರಿಯುತ್ತದೆ ಎಂಬ ನಾಲ್ಕು ವಿವರ ಜೊತೆಗಿರಲಿ. ಮೀನನ್ನು ಐಸ್‌ನಲ್ಲಿಟ್ಟು ಒಂದೆರಡು ದಿನ ಕಾಯಿರಿ, ಅವರು ನೋಡಲು ಬಂದರೂ ಬರಬಹುದು.