ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್: ಮೊದಲು ಪೆನ್‌ಡ್ರೈವಿನಲ್ಲೇ ಓಡಿಸಿ ನೋಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಲಾಗದ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಬೇಕಿಲ್ಲ. ಬ್ರೌಸರ್, ಮೇಲ್, ಪತ್ರ ಟೈಪ್ ಮಾಡುವುದು, ಸಿನಿಮಾ ನೋಡುವುದು ಇಷ್ಟೇ ಬಳಕೆಯಾದರೆ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ (ಓಎಸ್) ಲಿನಕ್ಸ್ ಮಿಂಟ್ 22 ಧಾರಾಳವಾಗಿ ಸಾಕು. ಅದಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಟ್ಯಾಲಿ, ಫೋಟೋಶಾಪ್ ಇಲ್ಲದೆ ಕೆಲಸ ನಡೆಯದವರು ಮಾತ್ರ ವಿಂಡೋಸ್ ತೆಗೆಯಬೇಡಿ. ಅವುಗಳ ಲಿನಕ್ಸ್ ಆವೃತ್ತಿ ಇಲ್ಲ.

ರ‍್ಯಾಮ್ 4 ಜಿಬಿ ಇದ್ದರೆ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ, 8 ಜಿಬಿ ಇದ್ದರೆ ಸಿನಮನ್. ಇನ್ನೂ ತಿರುಗುವ ಹಾರ್ಡ್‌ಡಿಸ್ಕೇ ಇದ್ದರೆ 240 ಜಿಬಿ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ. ಯಾವ ಓಎಸ್ ಬದಲಿಸಿದರೂ ಅಷ್ಟು ವೇಗ ಸಿಗುವುದಿಲ್ಲ.

ಮಿಂಟ್‌ನ ಐಎಸ್‌ಒ ಫೈಲನ್ನು (ಇಡೀ ಓಎಸ್ ಇರುವ ಫೈಲ್) ಇಳಿಸಿಕೊಂಡು, ರೂಫಸ್ ಎಂಬ ವಿಂಡೋಸ್ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವಿಗೆ ಬರೆಯಿರಿ, ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಲ್ಯಾಪ್‌ಟಾಪ್ ಆನ್ ಮಾಡುವಾಗ ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿ ಪೆನ್‌ಡ್ರೈವ್ ಆರಿಸಿದರೆ ಮಿಂಟ್ ತೆರೆದುಕೊಳ್ಳುತ್ತದೆ. ಡಿಸ್ಕಿಗೆ ಇನ್ನೂ ಏನೂ ಆಗಿಲ್ಲ.

ಇಲ್ಲಿ ಆತುರ ಬೇಡ, ಒಂದು ಗಂಟೆ ಕೊಡಿ. ವೈಫೈ, ಸದ್ದು, ಕ್ಯಾಮೆರಾ, ಪ್ರಿಂಟರ್ ನೋಡಿ. ಮುಚ್ಚಳ ಮುಚ್ಚಿ ತೆರೆದಾಗ ಎಚ್ಚರಗೊಳ್ಳುತ್ತದೆಯೇ ನೋಡಿ. ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್ ಇದ್ದರೆ ವೈಫೈ ಕಾಣದಿರಬಹುದು: ಫೋನನ್ನು ಕೇಬಲ್‌ನಿಂದ ಜೋಡಿಸಿ, ಯುಎಸ್‌ಬಿ ಟೆದರಿಂಗ್ ಆನ್ ಮಾಡಿ ಅದರ ಇಂಟರ್ನೆಟ್ ಪಡೆದು, ಮಿಂಟ್‌ನ ಡ್ರೈವರ್ ಮ್ಯಾನೇಜರ್‌ನಲ್ಲಿ ಆ ಚಿಪ್ಪನ್ನು ನಡೆಸುವ ಡ್ರೈವರ್ ಹಾಕಿಕೊಳ್ಳಿ.

ಕನ್ನಡಕ್ಕೆ ಬೇರೆ ತಂತ್ರಾಂಶ ಬೇಕಿಲ್ಲ. ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್ ಪಟ್ಟಿಯಲ್ಲಿ ಕನ್ನಡದ ಕಗಪ ವಿನ್ಯಾಸ ಸೇರಿಸಿ. ಎ, ಕೆ, ಎಫ್, ಕೆ ಒತ್ತಿದರೆ ‘ಅಕ್ಕ’. ಎಫ್ ಅಂದರೆ ಅರ್ಧಾಕ್ಷರದ ಕೀ. ನುಡಿಯಲ್ಲಿ ಟೈಪ್ ಮಾಡಿದವರಿಗೆ ಬೆರಳು ತಾನಾಗಿ ಓಡುತ್ತದೆ. ಆದರೆ ಹಳೆಯ ನುಡಿ, ಬರಹ ಫಾಂಟಿನ ಕಡತಗಳು ಯುನಿಕೋಡ್ (ಎಲ್ಲ ಕಂಪ್ಯೂಟರಿನಲ್ಲೂ ಓದಿಸಿಕೊಳ್ಳುವ ಅಕ್ಷರ ಸಂಕೇತ) ಅಲ್ಲ. ಮಿಂಟ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ವಿಂಡೋಸ್ ಇರುವಾಗಲೇ ನುಡಿಯ ಪರಿವರ್ತಕದಲ್ಲಿ ಅವನ್ನು ಯುನಿಕೋಡ್‌ಗೆ ಬದಲಿಸಿಟ್ಟುಕೊಳ್ಳಿ.

ಎಲ್ಲ ಸರಿಯಿದ್ದರೆ ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ಆಮೇಲೆ ಇನ್‌ಸ್ಟಾಲ್. ವಿಂಡೋಸನ್ನೂ ಉಳಿಸಿಕೊಳ್ಳುವವರು ಮೊದಲು ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆಫ್ ಮಾಡಿ, 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಆಗಿರಲಿ. ಇಲ್ಲದಿದ್ದರೆ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ, ಅದರ ಡ್ರೈವ್ ಮಿಂಟ್‌ನಲ್ಲಿ ಓದಲಷ್ಟೇ ಸಿಗುತ್ತದೆ. ಇನ್‌ಸ್ಟಾಲರಿಗೆ ಡಿಸ್ಕೇ ಕಾಣದಿದ್ದರೆ ಬಯೋಸ್‌ನಲ್ಲಿ (ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್) ಇಂಟೆಲ್ ಆರ್‌ಎಸ್‌ಟಿ ಎಂಬ ಡಿಸ್ಕ್ ವಿಧಾನ ಆನ್ ಇರಬಹುದು, ಅದನ್ನು ಎಎಚ್‌ಸಿಐ ಎಂಬ ಸಾಮಾನ್ಯ ವಿಧಾನಕ್ಕೆ ಬದಲಿಸಬೇಕು. ವಿಂಡೋಸ್ ಬೇಕೆನ್ನುವವರು ವಿಂಡೋಸನ್ನು ಮೊದಲು ಸೇಫ್ ಮೋಡ್‌ನಲ್ಲಿ (ಕನಿಷ್ಠ ಡ್ರೈವರ್‌ಗಳಷ್ಟೇ ಇರುವ ಸ್ಥಿತಿ) ಏಳುವಂತೆ ಹೊಂದಿಸದೆ ಈ ಸೆಟ್ಟಿಂಗ್ ಮುಟ್ಟಬೇಡಿ, ಮುಟ್ಟಿದರೆ ವಿಂಡೋಸ್ ಏಳುವುದಿಲ್ಲ.

ಇನ್‌ಸ್ಟಾಲ್ ಆದ ದಿನವೇ ಮಿಂಟ್‌ನಲ್ಲೇ ಇರುವ ಟೈಮ್‌ಶಿಫ್ಟ್ ತೆರೆದು ಸ್ನ್ಯಾಪ್‌ಶಾಟ್ (ಸಿಸ್ಟಮಿನ ಆ ಹೊತ್ತಿನ ನಕಲು) ತೆಗೆಯಿರಿ. ಅಪ್‌ಡೇಟ್ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ಅದು ಕಾಯುವುದು ಸಿಸ್ಟಮನ್ನು ಮಾತ್ರ. ನಿಮ್ಮ ಫೋಟೋ, ಪತ್ರಗಳ ನಕಲು ಬೇರೆಯೇ ಇರಬೇಕು.