ಟೆಕ್ಸಾಸ್‌ನಲ್ಲಿ ನನ್ನ 660 ಸಿಸಿ ಕ್ಯಾರಿ: ನನ್ನ ಅನುಭವ

ನನ್ನ ಪುಟ್ಟ ಜಪಾನಿ ಟ್ರಕ್ಕು, ಸುಜುಕಿ ಕ್ಯಾರಿ, ಹೋದ ತಿಂಗಳು ಟೆಕ್ಸಾಸ್‌ನಲ್ಲಿ ಹದಿನಾಲ್ಕು ಸಾವಿರ ಕಿ.ಮೀ. ದಾಟಿತು. ಆಫೀಸು, ದಿನಸಿ, ತೋಟದ ಗೊಬ್ಬರ, ಎಲ್ಲಾ ಇದರಲ್ಲೇ. "ಆಟದ ಸಾಮಾನು, ಆರು ತಿಂಗಳಲ್ಲಿ ಮಾರ್ತೀಯ" ಅಂದಿದ್ದ ಗೆಳೆಯರೇ ಈಗ ಸೋಫಾ ಸಾಗಿಸಲು ಫೋನ್ ಮಾಡುತ್ತಾರೆ.

ನನ್ನದು 1997ರ ಡಿಡಿ51ಟಿ ಮಾಡೆಲ್, ಫೋರ್ ವೀಲ್ ಡ್ರೈವ್. ಜಪಾನಿನ ಹರಾಜಿನಲ್ಲಿ ಸುಮಾರು 2,400 ಡಾಲರ್. ಹಡಗು, ಬಂದರು, ಏಜೆಂಟು ಅಂತ 2,300. ಮೇಲೆ ಟ್ರಕ್ಕಿನ 25% ಸುಂಕ. 1964ರಲ್ಲಿ ಯುರೋಪಿನ ಜೊತೆ ಕೋಳಿ ಮಾಂಸದ ಜಗಳದಲ್ಲಿ ಅಮೆರಿಕ ಹಾಕಿದ್ದನ್ನು ಇನ್ನೂ ಕಟ್ಟುತ್ತಿದ್ದೇವೆ.

ಗಾಡಿ 2023ರಲ್ಲಿ ಬಂತು. ಆಗ ಇಲ್ಲಿ ಕೀ ಟ್ರಕ್ಕಿಗೆ (ಇಂಥ ಪುಟ್ಟ ಜಪಾನಿ ಟ್ರಕ್ಕುಗಳಿಗೆ ಆ ಹೆಸರು) ನಂಬರ್ ಪ್ಲೇಟ್ ಸಿಗುವುದು ಕಷ್ಟವಿತ್ತು. ನಿಯಮ ಬದಲಾದೀತು ಅಂತ ಷೆಡ್‌ನಲ್ಲಿ ನಿಲ್ಲಿಸಿದೆ. 2024ರ ಏಪ್ರಿಲ್‌ನಲ್ಲಿ ಬದಲಾಯಿತು ಕೂಡ. ಆದರೆ ಟ್ಯಾಂಕ್ ಖಾಲಿ ಮಾಡದೆ ಬಿಟ್ಟಿದ್ದೆ. ಎಂಟು ತಿಂಗಳಲ್ಲಿ ಕಾರ್ಬ್ಯುರೇಟರಿನ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತು, ಪೂರ್ತಿ ಕಟ್ಟಿಕೊಂಡಿತ್ತು. ಒಂದು ಗ್ಯಾರೇಜಿನವರು 600 ಡಾಲರ್ ತಗೊಂಡು, ಪಾರ್ಟ್ ಸಿಗಲ್ಲ ಅಂತ ಹಾಗೇ ವಾಪಸ್ ಕೊಟ್ಟರು. ಹೊಟ್ಟೆ ಉರಿಯಿತು.

ಕೊನೆಗೆ ನಾನೇ ಸೀಟು ಎತ್ತಿದೆ. ಕೆಳಗೆ ಮೂರು ಸಿಲಿಂಡರಿನ ಎಫ್6ಎ ಎಂಜಿನ್. ತಿಪಟೂರಿನಲ್ಲಿ ಅಪ್ಪನ ಮಾರುತಿ ಓಮ್ನಿಯಲ್ಲಿದ್ದ 796 ಸಿಸಿ ಎಂಜಿನ್ನಿನ ತಮ್ಮನೇ ಇದು. ಟೈರೂ ಅದೇ 145 ಆರ್ 12. ಬಲಗಡೆ ಸ್ಟೀರಿಂಗ್, ಎಡಗೈಯಲ್ಲಿ ಗೇರು. ಇಲ್ಲಿನವರು ವಾರಗಟ್ಟಲೆ ತಡಕಾಡಿ ಕಲಿಯುವುದು ನಮ್ಮ ಕೈಗೆ ಮೊದಲೇ ಗೊತ್ತು, ಅಲ್ವಾ? 40 ಡಾಲರಿನ ಕಾರ್ಬ್ಯುರೇಟರ್ ರಿಪೇರಿ ಕಿಟ್ ತರಿಸಿದೆ. ಮೊದಲ ಸಲ, ಒಳಗೆ ಪೆಟ್ರೋಲ್ ಎಷ್ಟು ನಿಲ್ಲಬೇಕು ಅಂತ ಕಾಯುವ ಫ್ಲೋಟಿನ ಮಟ್ಟ ತಪ್ಪಿ ಪೆಟ್ರೋಲ್ ಉಕ್ಕಿತು. ಎರಡನೇ ಸಲ ಗ್ಯಾಸ್ಕೆಟ್ ಕಚ್ಚಲಿಲ್ಲ. ಮೂರನೇ ಭಾನುವಾರ ಗಾಡಿ ಶುರುವಾಯಿತು. ಬಿಸಿಲಲ್ಲಿ ನಿಂತ ಮೇಲೆ ಸ್ಟಾರ್ಟ್ ಆಗದ ಕಾಟವೂ ಇತ್ತು. ಅದಕ್ಕೆ ಪೆಟ್ರೋಲ್ ಪೈಪಿನ ಹತ್ತಿರ ಒಂದು ಉಪಾಯ ಮಾಡಿದ್ದೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಡುವೆ 12ರ ಬದಲು 13 ಇಂಚಿನ ಚಕ್ರ ಹಾಕಿ ನೋಡಿದೆ. ಪಿಕಪ್ ಸತ್ತಿತು, ಸ್ಪೀಡೋಮೀಟರ್ ಕಡಿಮೆ ತೋರಿಸಿತು. ಸುಮ್ನೆ 300 ಡಾಲರ್ ಹೋಯಿತು.

ಫ್ರೀವೇಗೆ ಮಾತ್ರ ಹೋಗುವುದಿಲ್ಲ. 90 ಕಿ.ಮೀ. ವೇಗಕ್ಕೇ ಎಂಜಿನ್ 5,000 ಆರ್‌ಪಿಎಂ ದಾಟಿ ಕೂಗುತ್ತದೆ. ಅದಕ್ಕೆ ಪಕ್ಕದ ಫ್ರಂಟೇಜ್ ರಸ್ತೆಯೇ (ನಮ್ಮ ಸರ್ವಿಸ್ ರೋಡ್) ನನ್ನ ದಾರಿ. ಆಫೀಸಿಗೆ ಹತ್ತು ನಿಮಿಷ ಜಾಸ್ತಿ, ಅಷ್ಟೇ. ಲೀಟರಿಗೆ 15-16 ಕಿ.ಮೀ. ಸಿಗುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಹಿಂದಿನ ತೊಟ್ಟಿ. ಮೂರೂ ಕಡೆ ಬಾಗಿಲು ಕೆಳಗೆ ಬೀಳುತ್ತದೆ, ಸೊಂಟದ ಕೆಳಗೇ ಇದೆ. 350 ಕೆಜಿ ಗೊಬ್ಬರವನ್ನು ಪಕ್ಕದಿಂದಲೇ ಸಲಿಕೆಯಲ್ಲಿ ಎಳೆದು ಹಾಕಬಹುದು. ಪಕ್ಕದ ಮನೆಯ ದೊಡ್ಡ ಪಿಕಪ್‌ಗೆ ಏಣಿ ಹತ್ತಿದ ಹಾಗೆ ಹತ್ತಬೇಕು. ಇದು 3.3 ಮೀಟರ್ ಉದ್ದದ್ದು, ಅವರ ಗಾಡಿ ನಿಲ್ಲಿಸುವ ಜಾಗದಲ್ಲಿ ಇದನ್ನು ನಿಲ್ಲಿಸಿ ಇನ್ನೊಂದು ಬೈಕೂ ಇಡುತ್ತೇನೆ. ರಾಜ್ಯೋತ್ಸವಕ್ಕೆ ಅರವತ್ತು ಕುರ್ಚಿ ಎರಡೇ ಸಲಕ್ಕೆ ಸಾಗಿಸಿದೆ.

ಮುಂದಿನ ಕೆಲಸ ಟೈಮಿಂಗ್ ಬೆಲ್ಟ್. ಬೆಲ್ಟ್ ಬಂದಿದೆ, ಅಪ್ಪನೂ ಡಿಸೆಂಬರ್‌ಗೆ ಬರುತ್ತಾರೆ. ಇಬ್ಬರೂ ಸೇರಿ ಹಾಕುತ್ತೇವೆ.